ಗೇಮಲ್ಲಿ ಸಿಗೋ ತಾಯಿತ, ಮಂತ್ರದುಂಗುರ: ಹಿಂದಿನ ಜನ ನಿಜವಾಗ್ಲೂ ಏನು ಕಟ್ಕೋತಿದ್ರು?

ಭಾನುವಾರದ_ದಾಳ:

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಪ್ರಶ್ನೆ, ದಯವಿಟ್ಟು ಪೂರ್ತಿ ಓದಿ.

ನಾವು ಐದು ಜನ ಒಂದೂವರೆ ವರ್ಷದಿಂದ ಭಾನುವಾರ ಭಾನುವಾರ ಕೂತು ಡಂಜನ್ಸ್ ಅಂಡ್ ಡ್ರಾಗನ್ಸ್ ಆಡ್ತೀವಿ, ಒಬ್ಬರು ಕಥೆ ನಡೆಸಿ ಉಳಿದೋರು ಅದರೊಳಗೆ ಒಂದೊಂದು ಪಾತ್ರ ಆಡೋ ಆಟ, ರೂಲ್ಸ್ ಪುಸ್ತಕ ಇಂಗ್ಲಿಷು, ಮಾತೆಲ್ಲ ಕನ್ನಡ, ಕಥೆ ನಡೆಸೋಳು ನಾನು. ಹೋದ ವಾರ ಒಂದು ಪಾಳುಬಿದ್ದ ಮನೆಯಲ್ಲಿ ನನ್ನ ಕಸಿನ್ ಆಡೋ ಪಾತ್ರಕ್ಕೆ ಬೆಳ್ಳಿ ತಾಯಿತ ಸಿಕ್ತು ಅಂತ ಹೇಳ್ದೆ, ಹಾಕ್ಕೊಂಡ್ರೆ ರಕ್ಷಣೆ ಪ್ಲಸ್ ಒನ್, ಅಂದ್ರೆ ರಕ್ಷಣೆಯ ಅಂಕ ಒಂದು ಜಾಸ್ತಿ. ಅವಳು ಬರ್ಕೊಳ್ಳೋದು ಬಿಟ್ಟು ಕೇಳಿದ್ಲು, "ಒಳಗೆ ಏನಿದೆ ಅಕ್ಕ? ಯಾರು ಯಾರಿಗೋಸ್ಕರ ಮಾಡಿಸಿದ್ದು? ಯಾವುದರಿಂದ ಕಾಪಾಡತ್ತೆ?"

ನನ್ನ ಹತ್ರ ಉತ್ತರ ಇರ್ಲಿಲ್ಲ. ರಾತ್ರಿಯೆಲ್ಲ ಅದೇ ತಲೇಲಿ. ಚಿಕ್ಕೋರಿದ್ದಾಗ ಅಜ್ಜಿ ಹೇಳ್ತಿದ್ದ ಕಥೆಲಿ ಮಾಂತ್ರಿಕನ ಪ್ರಾಣ ಏಳು ಸಮುದ್ರದಾಚೆ ಗಿಣಿಯಲ್ಲಿ ಇರ್ತಿತ್ತು, ಯಾವ ಗಿಣಿ, ಯಾವ ಮರದ ಪೊಟರೆ ಅಂತ ಎಲ್ಲಾ ಹೇಳೋರು, ಅದಕ್ಕೇ ಇವತ್ತಿಗೂ ನೆನಪಿದೆ. ನಾನು ಮಾತ್ರ ಒಂದು ನಂಬರ್ ಕೊಟ್ಟು ಮುಗಿಸಿಬಿಟ್ಟೆ.

ಅದಕ್ಕೆ ಇಲ್ಲಿ ಕೇಳ್ತಿದೀನಿ. ಮಂತ್ರ ತಂತ್ರ ನಿಜಾನಾ ಸುಳ್ಳಾ ಅನ್ನೋ ಚರ್ಚೆ ಬೇಡ. ಇತಿಹಾಸದಲ್ಲಿ ಜನ ಇಂಥ ವಸ್ತುಗಳನ್ನ ಮಾಡಿಸಿದ್ದು ನಿಜ ತಾನೆ, ಅದರ ಮೇಲೆ ಏನು ಬರೀತಿದ್ರು, ಯಾವ ಭಯಕ್ಕೆ ಮಾಡಿಸ್ತಿದ್ರು, ಹೇಗೆ ಕೆಲಸ ಮಾಡತ್ತೆ ಅಂತ ನಂಬಿದ್ರು? ಯಾವ ದೇಶದ್ದಾದ್ರೂ ಪರ್ವಾಗಿಲ್ಲ. ಗೊತ್ತಿರೋರು ಬರೀರಿ.

ಸೀಸದ_ಹಾಳೆ:

ಒಳ್ಳೆ ಪ್ರಶ್ನೆ. ನಾನು ಎರಡು ವರ್ಷ ಇಂಗ್ಲೆಂಡಲ್ಲಿದ್ದೆ, ಬಾತ್ ಅನ್ನೋ ಊರಿಗೆ ಮೂರು ಸಲ ಹೋಗಿದೀನಿ, ಅಲ್ಲಿ ರೋಮನ್ನರ ಕಾಲದ ಬಿಸಿನೀರಿನ ಬುಗ್ಗೆ ಇದೆ, 46 ಡಿಗ್ರಿ ನೀರು, ದಿನಕ್ಕೆ ಹತ್ತು ಲಕ್ಷ ಲೀಟರಿಗೂ ಜಾಸ್ತಿ ಉಕ್ಕತ್ತೆ. ಎಲ್ಲರೂ ಆ ದೊಡ್ಡ ಕೊಳದ ಫೋಟೋ ತೆಗೆದು ಹೊರಟುಬಿಡ್ತಾರೆ, ನಾನು ಮಾತ್ರ ಒಳಗೆ ಒಂದು ಗಾಜಿನ ಪೆಟ್ಟಿಗೆ ಮುಂದೆ ನಿಂತು ಅಲ್ಲೇ ಉಳಿದುಬಿಟ್ಟೆ.

1979-80ರಲ್ಲಿ ಆ ಬುಗ್ಗೆ ಅಗೆದಾಗ ಸೀಸದ್ದು, ಸೀಸ-ತವರ ಬೆರೆಸಿದ್ದು, ಹೀಗೆ ಪುಟ್ಟ ಪುಟ್ಟ ತಗಡುಗಳು ಸಿಕ್ಕಿವೆ, ಒಟ್ಟು ಸುಮಾರು 130. ಹೆಚ್ಚುಕಮ್ಮಿ ಎಲ್ಲದರ ಮೇಲೂ ಶಾಪ. ಶಾಪ ಅಂದ ತಕ್ಷಣ ರಾಜ್ಯ ನಾಶ, ವಂಶ ನಿರ್ವಂಶ ಅಂದ್ಕೋಬೇಡಿ, ಬಹುತೇಕ ಕಳ್ಳತನದ ಕಂಪ್ಲೇಂಟು! ಸ್ನಾನಕ್ಕೆ ಹೋದಾಗ ಬಟ್ಟೆ ಕದ್ದೋರು, ಉಂಗುರ ಕದ್ದೋರು. ದೋಸಿಮೆದಿಸ್ ಅನ್ನೋನು ಎರಡು ಕೈಗವಸು ಕಳ್ಕೊಂಡಿದಾನೆ, ಕದ್ದವನು ಆ ಬುಗ್ಗೆಯ ದೇವಿ ಸುಲಿಸ್ ಮಿನರ್ವಾಳ ಗುಡಿಯಲ್ಲೇ ಬುದ್ಧಿಯನ್ನೂ ಕಣ್ಣನ್ನೂ ಕಳ್ಕೊಳ್ಳಲಿ ಅಂತ ಬರೆದಿದಾನೆ. ಒಂದು ಜೊತೆ ಕೈಗವಸಿಗೆ ಕಣ್ಣೇ ಹೋಗ್ಲಿ ಅಂತಾನಲ್ಲ ಅಂತ ಮೊದಲು ಅನ್ನಿಸ್ತು, ಆಮೇಲೆ ಯೋಚನೆ ಮಾಡಿದ್ರೆ ಅಲ್ಲಿನ ಚಳಿಗೆ ಕೈಗವಸು ಕಳ್ಕೊಂಡ ಬಡವನಿಗೆ ಕಂಪ್ಲೇಂಟ್ ಕೊಡೋಕೆ ಬೇರೆ ಯಾವ ಕಚೇರಿ ತಾನೆ ತೆರೆದಿತ್ತು.

ನಿಮ್ಮ ಗೇಮ್‌ಗೆ ಬೇಕಾಗಿರೋದು ಇದರ ಒಳಗಿನ ಲೆಕ್ಕ. ಬಸಿಲಿಯಾ ಅನ್ನೋ ಹೆಂಗಸಿನ ಬೆಳ್ಳಿ ಉಂಗುರ ಕಳುವಾಗಿದೆ, ಅವಳು ಉಂಗುರ ವಾಪಸ್ ಕೊಡಿಸು ಅಂತ ಕೇಳಲ್ಲ, ಆ ಉಂಗುರಾನ ಮಾರ್ಸ್ ದೇವರ ಗುಡಿಗೆ *ಕೊಟ್ಟಿದೀನಿ* ಅಂತಾಳೆ. ಅಂದ್ರೆ ಕಳುವಾದ ವಸ್ತು ಈಗ ದೇವರ ಆಸ್ತಿ, ಕಳ್ಳ ಕದ್ದಿದ್ದು ಅವಳದ್ದಲ್ಲ, ದೇವರದ್ದು, ಇನ್ನು ವಸೂಲಿ ಮಾಡ್ಕೊಳ್ಳೋದು ದೇವರ ಕೆಲಸ. ವಿಷಯ ಗೊತ್ತಿದ್ದೂ ಬಾಯಿ ಬಿಡದೆ ಇರೋನಿಗೂ ರಕ್ತದಲ್ಲಿ, ಕಣ್ಣಲ್ಲಿ, ಕೈಕಾಲಲ್ಲಿ ಶಾಪ ತಟ್ಟಲಿ ಅಂತ ಸೇರಿಸಿದಾಳೆ.

ಕಳ್ಳ ಯಾರು ಅಂತ ಗೊತ್ತಿಲ್ವಲ್ಲ, ಅದಕ್ಕೆ ತಪ್ಪಿಸ್ಕೊಳ್ಳೋಕೆ ಸಂದು ಬಿಡದ ಹಾಗೆ ಬರೀತಾರೆ, ಗಂಡಸಾಗಲಿ ಹೆಂಗಸಾಗಲಿ, ದಾಸನಾಗಲಿ ಸ್ವತಂತ್ರನಾಗಲಿ. ಆರು ಬೆಳ್ಳಿ ನಾಣ್ಯ ಕಳ್ಕೊಂಡವನೊಬ್ಬ "ಕ್ರಿಶ್ಚಿಯನ್ ಆಗಿರಲಿ, ಅಲ್ಲದಿರಲಿ" ಅಂತಲೂ ಸೇರಿಸಿದಾನೆ. ಕೆಲವರು ಅಕ್ಷರಾನ ಉಲ್ಟಾ ಬರೆದಿದಾರೆ. ಇನ್ನು ಕೆಲವು ತಗಡಿನ ಮೇಲೆ ಇರೋದು ಅಕ್ಷರಾನೇ ಅಲ್ಲ, ಅಕ್ಷರದ ಥರ ಕಾಣೋ ಗೀರುಗಳು. ಓದು ಬರಹ ಬಾರದವರು ಯಾರೋ ತಮ್ಮ ಸಂಕಟಾನ ಗೀಚಿ ಮಡಚಿ ನೀರಿಗೆ ಹಾಕಿದಾರೆ, ದೇವಿಗೆ ಅರ್ಥ ಆಗತ್ತೆ ಅಂತ. ಅದನ್ನ ನೋಡಿ ನನಗೆ ಗಂಟಲು ಕಟ್ಟಿಬಂತು.

ನೈಲ್_ದಂಡೆ:

ಸೀಸದ ಹಾಳೆ ಅವರೇ, ಬಹಳ ಚೆನ್ನಾಗಿ ಬರೆದ್ರಿ. ನಾನು ಈಜಿಪ್ಟಿನ ಕಡೆಯಿಂದ ಎರಡು ಹೇಳ್ತೀನಿ.

ಮೊದಲ್ನೇದು ಎದೆಯ ಮೇಲಿಡೋ ಜೀರುಂಡೆ. ಸಿನಿಮಾದಲ್ಲಿ ಜೀರುಂಡೆ ಅಂದ್ರೆ ಮೈಮೇಲೆ ಮುಗಿಬಿದ್ದು ತಿನ್ನೋದು ಅಂತ ತೋರಿಸ್ತಾರೆ, ಅಸಲಿಗೆ ಅದು ಕಾಪಾಡೋ ವಸ್ತು, ಸಾಮಾನ್ಯವಾಗಿ ಹಸಿರು ಬಣ್ಣದ ಕಲ್ಲಲ್ಲಿ ಕೆತ್ತಿ ಹೆಣದ ಎದೆ ಮೇಲೆ ಇಡೋರು. ಸತ್ತವರ ಹೃದಯಾನ ತಕ್ಕಡಿಯಲ್ಲಿಟ್ಟು ಮಾತ್ ಅನ್ನೋ ಸತ್ಯದ ದೇವತೆಯ ಗರಿಯ ಎದುರು ತೂಗ್ತಾರೆ ಅನ್ನೋದು ಅವರ ನಂಬಿಕೆ. ಜೀರುಂಡೆಯ ಹೊಟ್ಟೆ ಭಾಗದಲ್ಲಿ ಕೆತ್ತಿರೋ ಮಂತ್ರ ಯಾವ ದೆವ್ವಕ್ಕೂ ಹೇಳಿದ್ದಲ್ಲ, ತನ್ನ ಹೃದಯಕ್ಕೇ ಹೇಳೋದು. ತಾಯಿಯಿಂದ ನನಗೆ ಬಂದ ಹೃದಯವೇ, ಅಲ್ಲಿ ನನ್ನ ವಿರುದ್ಧ ಸಾಕ್ಷಿ ಹೇಳಬೇಡ ಅಂತ ಕೇಳ್ಕೊಳ್ಳೋದು. ಹೊರಗಿನ ಶತ್ರುಗಿಂತ ತನ್ನೊಳಗೆ ಕೂತು ಎಲ್ಲಾ ನೋಡಿದವನೇ ಬಾಯಿಬಿಟ್ರೆ ಅನ್ನೋ ಭಯ. ಪ್ಲಸ್ ಒನ್ ಅಂತ ಬರೆದ್ರೆ ಇದೆಲ್ಲ ಎಲ್ಲಿ ಬರತ್ತೆ ಹೇಳಿ.

ಎರಡನೇದು ನೀರು. ಹೋರಸ್ ಅನ್ನೋ ದೇವರು ಬಾಲಕನ ರೂಪದಲ್ಲಿ ಮೊಸಳೆಗಳ ಮೇಲೆ ನಿಂತು ಕೈಯಲ್ಲಿ ಹಾವು ಚೇಳು ಹಿಡ್ಕೊಂಡಿರೋ ಕಲ್ಲುಗಳು ಈಜಿಪ್ಟಲ್ಲಿ ಬೇಕಾದಷ್ಟು ಸಿಕ್ಕಿವೆ, ಮೈತುಂಬ ಮಂತ್ರ ಕೆತ್ತಿರತ್ತೆ. ಅದನ್ನ ಓದೋಕೆ ಅಂತ ಮಾಡಿದ್ದಲ್ಲ. ಮೇಲಿಂದ ನೀರು ಸುರಿದ್ರೆ ನೀರು ಅಕ್ಷರಗಳ ಮೇಲೆ ಹರ್ಕೊಂಡು ಕೆಳಗೆ ಬರತ್ತೆ, ಆ ನೀರನ್ನ ಹಾವು ಚೇಳು ಕಡಿಸ್ಕೊಂಡವರಿಗೆ ಕುಡಿಸೋದು. ಮಂತ್ರವನ್ನ ಕುಡಿಯೋದು! ಇಂಥ ಕಲ್ಲುಗಳಲ್ಲಿ ಹೆಸರುವಾಸಿಯಾದ ಒಂದು ಎರಡನೇ ನೆಕ್ಟನೆಬೋ ರಾಜನ ಕಾಲದ್ದು, ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಒಂದು ಕಾಲದಲ್ಲಿ ಹೋರಸ್‌ಗೂ ವಿಷ ಏರಿತ್ತು, ಅವನು ಉಳಿದ, ಈ ರೋಗಿಯೂ ಅವನ ಹಾಗೇ, ಆದ್ದರಿಂದ ಇವನೂ ಉಳೀತಾನೆ ಅನ್ನೋದು ಮಂತ್ರದ ದಾರಿ. ಅಂದ್ರೆ ಮಂತ್ರ ಹೇಳೋದು ಅಂದ್ರೆ ಅವರಿಗೆ ಒಂದು ಹಳೇ ಕಥೆಯೊಳಕ್ಕೆ ರೋಗಿಯನ್ನ ಕರ್ಕೊಂಡು ಹೋಗಿ ನಿಲ್ಲಿಸೋದು. ಕಥೆ ನಡೆಸೋ ನಿಮಗೆ ಇದಕ್ಕಿಂತ ಹತ್ತಿರದ್ದು ಇನ್ನೇನಿದೆ.

ಭಾನುವಾರದ_ದಾಳ:

ಇಬ್ಬರಿಗೂ ತುಂಬಾ ತುಂಬಾ ಥ್ಯಾಂಕ್ಸ್! ಕಳುವಾದ ವಸ್ತುವನ್ನ ದೇವರಿಗೆ ಕೊಟ್ಟುಬಿಡೋದು ಓದಿ ಮೈ ಜುಮ್ ಅಂತು. ನಮ್ಮ ಆಟದಲ್ಲಿ ಒಬ್ಬ ಕಳ್ಳ ಇದಾನೆ, ಅವನ ಚೀಲದಲ್ಲಿರೋ ಒಂದು ವಸ್ತು ಇನ್ಮೇಲೆ ಯಾವುದೋ ದೇವಿಯದ್ದು.

ಇನ್ನೊಂದು ಕೇಳ್ಬೇಕು, ಇನ್ನೊಬ್ಬ ಆಟಗಾರನಿಗೆ ವೈಕಿಂಗ್ ದಿಕ್ಸೂಚಿ ಪೆಂಡೆಂಟ್ ಕೊಟ್ಟಿದೀನಿ, ಎಂಟು ಕಡ್ಡಿ ಇರತ್ತಲ್ಲ ಅದು, ದಾರಿ ತಪ್ಪಲ್ಲ ಅಂತ. ಅದು ಸರಿ ತಾನೆ?

ಹಳೇ_ರೂಲ್‌ಬುಕ್:

ಅದು ವೈಕಿಂಗ್ ಕಾಲದ್ದಲ್ಲ. ಆನ್‌ಲೈನ್ ಅಂಗಡಿಗಳಲ್ಲೆಲ್ಲ ಹಾಗೇ ಮಾರ್ತಾರೆ, ಹಚ್ಚೆ ಹಾಕಿಸ್ಕೊಂಡೋರು ಸಾವಿರಾರು ಜನ ಇದಾರೆ. ಆ ಗುರುತಿನ ಹೆಸರು ವೆಗ್‌ವೀಸಿರ್, ಸಿಗೋದು ಐಸ್‌ಲ್ಯಾಂಡಲ್ಲಿ 1860ರಲ್ಲಿ ಬರೆದಿಟ್ಟ ಒಂದು ಕೈಬರಹದಲ್ಲಿ, ವೈಕಿಂಗ್ ಕಾಲ ಮುಗಿದು ಆಗ್ಲೇ ಎಂಟುನೂರು ವರ್ಷ ಆಗಿತ್ತು. ಗಾಳಿ ಮಳೆಯಲ್ಲೂ ದಾರಿ ತಪ್ಪಲ್ಲ ಅನ್ನೋದು ಮಾತ್ರ ಆ ಕೈಬರಹದಲ್ಲೇ ಇರೋ ಮಾತು, ಆ ಅಂಶ ಇಟ್ಕೊಳ್ಳಿ.

ಆದ್ರೆ ಐಸ್‌ಲ್ಯಾಂಡಿನ ಅಸಲಿ ಕಥೆ ಇನ್ನೂ ಗಟ್ಟಿಯಾಗಿದೆ. 17ನೇ ಶತಮಾನದಲ್ಲಿ ಅಲ್ಲಿ ಮಾಟ ಮಾಡಿದ್ರು ಅಂತ 21 ಜನರನ್ನ ಸುಟ್ಟರು, ಅದರಲ್ಲಿ 20 ಜನ ಗಂಡಸರು, ಯುರೋಪಿನ ಬೇರೆ ಬಹಳ ಕಡೆ ಸತ್ತವರಲ್ಲಿ ಹೆಂಗಸರೇ ಹೆಚ್ಚು, ಇಲ್ಲಿ ಉಲ್ಟಾ. ಮಂತ್ರದ ಗುರುತುಗಳನ್ನ ಬರೆದ ಹಾಳೆ ಮನೇಲಿ ಸಿಕ್ಕಿದ್ರೆ ಅದೇ ಸಾಕ್ಷಿ. ಅಂದ್ರೆ ಆ ಪೆಂಡೆಂಟ್ ದಾರಿ ತೋರಿಸೋದೂ ನಿಜ, ಯಾರಾದ್ರೂ ನೋಡಿದ್ರೆ ಪ್ರಾಣಕ್ಕೆ ಕುತ್ತು ಅನ್ನೋದೂ ನಿಜ ಅಂತ ಇಡಿ, ಆಗ ಅವನು ಅದನ್ನ ಬಟ್ಟೆಯೊಳಗೆ ಬಚ್ಚಿಟ್ಟುಕೊಂಡು ಓಡಾಡ್ತಾನೆ.

ಆಟದ ಬಗ್ಗೆಯೂ ಒಂದು ಮಾತು. ಡಂಜನ್ಸ್ ಅಂಡ್ ಡ್ರಾಗನ್ಸ್ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರಗೆ ತಂದಿದ್ದು, ಮೂಲ ಇರೋದು ಪುಟ್ಟ ಸೈನಿಕರ ಬೊಂಬೆ ಇಟ್ಟು ಆಡೋ ಯುದ್ಧದಾಟಗಳಲ್ಲಿ, ಅಲ್ಲಿ ಎಲ್ಲವೂ ಲೆಕ್ಕವೇ, ಆದ್ದರಿಂದ ತಾಯಿತವೂ ನಂಬರ್ ಆಯ್ತು. ಹಾಗಂತ ಆ ಪುಸ್ತಕದಲ್ಲಿ ನಂಬರ್ ಬಿಟ್ಟು ಬೇರೇನಿಲ್ಲ ಅಂದ್ಕೋಬೇಡಿ, ಮಂತ್ರಕ್ಕೆ ಬೇಕಾದ ಸಾಮಾನಿನ ಪಟ್ಟಿ ಓದಿ. ಬೆಂಕಿ ಉಂಡೆ ಎಸೆಯೋಕೆ ಬಾವಲಿ ಹಿಕ್ಕೆ ಮತ್ತು ಗಂಧಕ. ಯಾಕೆ? ಬಾವಲಿ ಹಿಕ್ಕೆಯಿಂದ ಪೆಟ್ಲುಪ್ಪು ತೆಗೀಬಹುದು, ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ್ರೆ ಮದ್ದಿನ ಪುಡಿ. ಸಿಡಿಲಿಗೆ ಒಂದು ತುಂಡು ತುಪ್ಪಳ, ಒಂದು ಗಾಜಿನ ಕಡ್ಡಿ, ಸ್ಕೂಲಲ್ಲಿ ಗಾಜು ಉಜ್ಜಿ ಕಾಗದದ ಚೂರು ಎತ್ತಿದ್ದು ನೆನಪಿದ್ಯಾ, ಅದೇ. ಬರೆದವರು ಪ್ರೀತಿಯಿಂದ ಇಟ್ಟಿರೋದು, ನಾವು ಆಡೋರು ಬೇಗ ಮುಗೀಲಿ ಅಂತ ಹಾರಿಸಿಬಿಡ್ತೀವಿ.

ಮಂತ್ರ ಒಂದ್ಸಲ ಹೇಳಿದ್ರೆ ತಲೆಯಿಂದ ಅಳಿಸಿಹೋಗತ್ತೆ, ಮತ್ತೆ ಬೆಳಿಗ್ಗೆ ಪುಸ್ತಕ ಓದಬೇಕು ಅನ್ನೋ ಹಳೇ ನಿಯಮ ಇತ್ತಲ್ಲ, ಅದು ಜ್ಯಾಕ್ ವ್ಯಾನ್ಸ್ ಅನ್ನೋ ಅಮೆರಿಕದ ಲೇಖಕನ ಕಥೆಗಳಿಂದ ಎತ್ಕೊಂಡಿದ್ದು, ಯಾವ ಪುರಾತನ ಪದ್ಧತಿಯೂ ಅಲ್ಲ.

ಆಮೇಲೆ ನೀವು ಹೇಳಿದ ಗಿಣಿ! ಆಟದಲ್ಲಿ ಲಿಚ್ ಅಂತ ಬರತ್ತೆ, ಸತ್ತೂ ಸಾಯದ ಮಾಂತ್ರಿಕ, ಪ್ರಾಣವನ್ನ ಒಂದು ಡಬ್ಬಿಯಲ್ಲಿ ಬಚ್ಚಿಟ್ಟಿರ್ತಾನೆ. ನಿಮ್ಮ ಅಜ್ಜಿಯ ಗಿಣಿಗೂ ಅದಕ್ಕೂ ವ್ಯತ್ಯಾಸ ಇಲ್ಲ. ರಷ್ಯಾದ ಕಥೆಗಳಲ್ಲಿ ಕೋಶ್ಚೆಯ್ ಅನ್ನೋನ ಸಾವು ಸೂಜಿಯ ತುದಿಯಲ್ಲಿ, ಸೂಜಿ ಮೊಟ್ಟೆಯಲ್ಲಿ, ಮೊಟ್ಟೆ ಬಾತುಕೋಳಿಯಲ್ಲಿ, ಬಾತು ಮೊಲದಲ್ಲಿ. ಆ ಡಬ್ಬಿಗೆ ಆಟದವರು ಮೊದಲು ಇಟ್ಟಿದ್ದ ಹೆಸರು ಫೈಲ್ಯಾಕ್ಟರಿ, ಗ್ರೀಕಲ್ಲಿ ಅದರ ಅರ್ಥ ಕಾಪಾಡೋ ವಸ್ತು, ತಾಯಿತ ಅಂತಲೇ. ಯೆಹೂದಿಗಳು ಪ್ರಾರ್ಥನೆಗೆ ಹಣೆಗೂ ತೋಳಿಗೂ ಕಟ್ಕೊಳ್ಳೋ ಪವಿತ್ರ ಪೆಟ್ಟಿಗೆಗೂ ಇಂಗ್ಲಿಷಲ್ಲಿ ಅದೇ ಹೆಸರಿರೋದ್ರಿಂದ ನನ್ನ ಟೇಬಲಲ್ಲಿ ಆ ಪದ ಬಳಸಲ್ಲ, ಪ್ರಾಣದ ಭರಣಿ ಅಂತೀನಿ.

ಪತ್ತಾರ_ಮಗಳು:

ಅಕ್ಕಾರ, ನಿಮ್ಮ ತಂಗಿ "ಒಳಗ ಏನೈತಿ" ಅಂತ ಕೇಳಿದ್ದು ಓದಿ ಸುಮ್ನಿರಾಕ ಆಗ್ಲಿಲ್ರಿ. ನಮ್ಮದು ಪತ್ತಾರ ಮನಿತನ, ಅಪ್ಪ ನಲವತ್ತು ವರ್ಷ ಬೆಳ್ಳಿ ಕೆಲಸ ಮಾಡ್ಯಾರ. ಎಲ್ಲಾರೂ ಮಂತ್ರದ ಕಡಿಂದ ಹೇಳ್ತಾರ, ನಾ ಡಬ್ಬಿ ಕಡಿಂದ ಹೇಳ್ತೀನಿ.

ತೆಳ್ಳಗ ಬಡದ ಬೆಳ್ಳಿ ತಗಡನ್ನ ಒಂದು ಸರಳಿಗೆ ಸುತ್ತಿ ನಳಿಗಿ ಮಾಡ್ತಾರ, ಕೂಡಿದಲ್ಲೆ ಬೆಸಿಗಿ ಹಾಕ್ತಾರ, ಒಂದು ಕಡೆ ಪೂರಾ ಬಂದ್, ಇನ್ನೊಂದು ಕಡೆ ಮುಚ್ಚಳ, ಮ್ಯಾಲ ದಾರ ಪೋಣಸಾಕ ಕೊಂಡಿ. ಒಳಗ ಹಾಕೂದು ಗಿರಾಕಿಗಳೇ ತರ್ತಿದ್ರು. ಮಠದ ಸ್ವಾಮಿಗಳ ಕಡಿಂದ ಬಂದಿದ್ದಾದ್ರ ತಾಮ್ರದ ತಗಡು, ಗೆರಿ ಕೊರದು ಅಕ್ಷರ ಬರದಿರ್ತಿದ್ರು, ದರ್ಗಾದಿಂದ ಬಂದಿದ್ದಾದ್ರ ಸಣ್ಣಗ ಮಡಚಿದ ಕಾಗದ. ಎರಡಕ್ಕೂ ಅದೇ ಡಬ್ಬಿ, ಅದೇ ಅಳತಿ. ಅಪ್ಪ ಅದನ್ನ ಸುತ್ತಿ ಒಳಗಿಟ್ಟು ಬಾಯಿಗೆ ಅರಗು ಹಾಕಿ ಮುಚ್ಚತಿದ್ರು. ಬಿಚ್ಚಿ ಓದಿದ್ದು ನಾ ಒಂದು ದಿನಾನೂ ನೋಡಿಲ್ರಿ. ಒಮ್ಮೆ ಕೇಳಿದ್ದಕ್ಕ, "ಅದು ಆ ಕೂಸಿಗೆ ಬಂದ ಪತ್ರ, ನಾವ್ಯಾಕ ಓದೂದು" ಅಂದ್ರು.

ಬಂದವರು ಹೇಳೂ ಕಾರಣ ದೊಡ್ಡವಲ್ಲ. ಕೂಸು ರಾತ್ರಿ ಬೆಚ್ಚಿ ಅಳತೈತಿ. ಹಾಲು ಕುಡಿಯಂಗಿಲ್ಲ. ಮದ್ಲಿನ ಎರಡು ಕೂಸು ಉಳೀಲಿಲ್ಲ, ಇದರ ಉಡದಾರಕ್ಕ ಕಟ್ಟಬೇಕು. ಇಷ್ಟ.

ಕೂಸು ದೊಡ್ಡದಾದ ಮ್ಯಾಲ ಕೆಲವರು ಅದೇ ತಾಯತ ತಂದು ಮುರಿಸಿ ಬೇರೆ ಏನರ ಮಾಡಿಸ್ತಿದ್ರು, ಬೆಳ್ಳಿ ಬೆಳ್ಳಿನಽ ಅಲ್ರಿ. ಆಗ ಅಪ್ಪ ಒಳಗಿನ ತಗಡನ್ನ ಬೆಂಕಿಗೆ ಹಾಕ್ತಿರ್ಲಿಲ್ಲ, ಒಂದು ಡಬ್ರ್ಯಾಗ ತಗದಿಟ್ಟು ವರ್ಷಕ್ಕೊಮ್ಮೆ ಹೊಳಿಗೆ ಬಿಟ್ಟು ಬರ್ತಿದ್ರು. ಕೆಲಸ ಮುಗಿಸಿದ್ದಕ್ಕ ಅದಕ್ಕೂ ಒಂದು ಮರ್ಯಾದಿ ಅಂತ.

ಸೀಸದ_ಹಾಳೆ:

ಪತ್ತಾರ ಮಗಳು ಅವರೇ, ಇದನ್ನ ಓದಿ ಸ್ವಲ್ಪ ಹೊತ್ತು ಏನೂ ಬರೀಬೇಕು ಅನ್ನಿಸ್ಲಿಲ್ಲ. ರೋಮಿನಲ್ಲೂ ಗಂಡು ಮಕ್ಕಳ ಕೊರಳಿಗೆ ಬುಲ್ಲಾ ಅಂತ ಡಬ್ಬಿಯಂಥ ಪದಕ ಕಟ್ತಿದ್ರು, ಅನುಕೂಲಸ್ಥರ ಮನೇಲಿ ಚಿನ್ನ, ಬಡವರಲ್ಲಿ ಚರ್ಮ. ಹುಡುಗ ಪ್ರಾಯಕ್ಕೆ ಬಂದ ದಿನ ಅದನ್ನ ಬಿಚ್ಚಿ ಮನೆದೇವರ ಮುಂದೆ ಇಡ್ತಿದ್ದ. ನಿಮ್ಮಪ್ಪ ಹೊಳೆಗೆ ಬಿಟ್ಟಿದ್ದೂ ಅದೇ ಥರದ ಬೀಳ್ಕೊಡುಗೆ.

ಹೊಸ್ತಿಲು_ಬರಹ:

ಇಷ್ಟೊಳ್ಳೆ ಥ್ರೆಡ್ ಓದಿ ಬಹಳ ದಿನ ಆಗಿತ್ತು, ನನ್ನದೂ ಒಂದು ಸೇರಲಿ.

ಈಗಿನ ಇರಾಕ್‌ನಲ್ಲಿ, ನಿಪ್ಪೂರ್ ಅಂಥ ಹಳೇ ಊರುಗಳ ಮನೆಗಳಲ್ಲಿ, ನೆಲದಡಿ ಬೋರಲು ಹಾಕಿದ ಮಣ್ಣಿನ ಬಟ್ಟಲುಗಳು ಸಿಕ್ಕಿವೆ, ಸುಮಾರು 5ರಿಂದ 8ನೇ ಶತಮಾನದವು. ಒಳಮೈ ತುಂಬ ಶಾಯಿಯಲ್ಲಿ ಸುರುಳಿ ಸುರುಳಿಯಾಗಿ ಅರಮಾಯಿಕ್ ಬರಹ, ಕೆಲವದರ ನಡುವೆ ಸರಪಳಿ ಬಿಗಿದ ಪಿಶಾಚಿಯ ಚಿತ್ರ. ಹೊಸ್ತಿಲ ಕೆಳಗೆ, ಮನೆ ಮೂಲೆಯಲ್ಲಿ ಹೂಳ್ತಿದ್ರು. ಮನೆಯವರ ಹೆಸರು ಬರೆಯೋವಾಗ ಇಂಥ ತಾಯಿಯ ಮಗ, ಇಂಥ ತಾಯಿಯ ಮಗಳು ಅಂತ ತಾಯಿ ಹೆಸರೇ ಹಾಕೋದು. ನನಗೆ ಬಹಳ ಇಷ್ಟವಾಗಿದ್ದು ಏನಂದ್ರೆ, ಕೆಲವು ಬಟ್ಟಲುಗಳಲ್ಲಿ ಲಿಲಿತ್ ಅನ್ನೋ ಪಿಶಾಚಿಗೆ ವಿಚ್ಛೇದನ ಪತ್ರ ಬರೆದಿದಾರೆ! ಯೆಹೂದಿಗಳಲ್ಲಿ ಗಂಡ ಹೆಂಡತಿಗೆ ಕೊಡೋ ಪತ್ರದ ಕಾನೂನು ಭಾಷೆಯಲ್ಲೇ, ಈ ಮನೆಗೂ ನಿನಗೂ ಸಂಬಂಧ ಮುಗೀತು, ಪತ್ರ ತಗೊಂಡು ಹೊರಡು ಅಂತ.

ಅದನ್ನ ಓದಿದಾಗ ತಕ್ಷಣ ನೆನಪಾಗಿದ್ದು ನಮ್ಮ "ನಾಳೆ ಬಾ". 90ರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ಇದ್ದೋರಿಗೆಲ್ಲ ಗೊತ್ತು. ರಾತ್ರಿ ದೆವ್ವ ಬಂದು ಮನೆಯವರದ್ದೇ ದನಿಯಲ್ಲಿ ಕರೆಯತ್ತೆ, ಓಗೊಟ್ಟು ಬಾಗಿಲು ತೆಗೆದ್ರೆ ಮುಗೀತು ಅಂತ ಸುದ್ದಿ, ಬೀದಿಗೆ ಬೀದಿಯೇ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ನಾಳೆ ಬಾ ಅಂತ ಬರೆದಿತ್ತು. ದೆವ್ವ ಓದತ್ತೆ, ಹೋಗತ್ತೆ, ನಾಳೆ ಬರತ್ತೆ, ಮತ್ತೆ ಅದೇ ಓದತ್ತೆ. ನಮ್ಮನೆ ಬಾಗಿಲಿಗೆ ಬರೆದಿದ್ದು ನಾನೇ, ಆಗ ಮೂರನೇ ಕ್ಲಾಸು, ಕೈಬರಹ ಚೆನ್ನಾಗಿದೆ ಅಂತ ಅಮ್ಮ ನನಗೇ ಬರೆಯೋಕೆ ಹೇಳಿದ್ರು, ಅಕ್ಷರ ತಪ್ಪಾದ್ರೆ ಏನು ಗತಿ ಅಂತ ಕೈ ನಡುಗ್ತಿತ್ತು. ಆ ಬಟ್ಟಲು ಬರೆದವನ ಕೈಯನ್ನ ನಾನು ಅರ್ಥ ಮಾಡ್ಕೊಳ್ಳಬಲ್ಲೆ. ಅಲ್ಲೂ ಇಲ್ಲೂ ದೆವ್ವಕ್ಕೆ ಓದು ಬರತ್ತೆ, ಬರೆದಿದ್ದಕ್ಕೆ ಬೆಲೆ ಕೊಡತ್ತೆ, ಅಷ್ಟು ನಂಬಿಕೆ ಇತ್ತು.

ಆ ನಾಡಿನದ್ದೇ ಇನ್ನೊಂದು, ಇದಕ್ಕಿಂತ ಸಾವಿರ ವರ್ಷಕ್ಕೂ ಹಿಂದಿನದ್ದು. ಲಮಷ್ತು ಅಂತ ಎಳೆಗೂಸು, ಬಾಣಂತಿಯರನ್ನ ಹಿಡಿಯೋ ಪಿಶಾಚಿ, ಅವಳನ್ನ ಓಡಿಸೋಕೆ ಕಟ್ಕೊಳ್ತಿದ್ದಿದ್ದು ಪಜುಜು ಅನ್ನೋ ಇನ್ನೊಂದು ಪಿಶಾಚಿಯ ತಲೆ, ನಾಯಿಮುಖ, ಉಬ್ಬಿದ ಕಣ್ಣು. ಕಟ್ತಾ ಇರೋ ಬಿಲ್ಡಿಂಗ್ ಮೇಲೆ ನಾವು ರಾಕ್ಷಸನ ಮುಖದ ದೃಷ್ಟಿಬೊಂಬೆ ತೂಗ್ತೀವಲ್ಲ, ಅದೇ ಲೆಕ್ಕ. ನಿಮ್ಮ ಆಟದಲ್ಲಿ ಭೀಕರವಾಗಿ ಕಾಣೋ ವಸ್ತುವೇ ಕಾಪಾಡೋದಾಗಲಿ, ಆಟಗಾರರು ಹೆದರಿ ಎಸೆಯೋಕೆ ಹೋಗ್ತಾರೆ, ಆಗ ನೋಡಿ ಮಜಾ.

ಭಾನುವಾರದ_ದಾಳ:

ತಡವಾಗಿ ಬರೀತಿದೀನಿ ಕ್ಷಮಿಸಿ, ನಿನ್ನೆ ಆಟ ಮುಗಿದಾಗ ರಾತ್ರಿ ಹನ್ನೊಂದೂವರೆ.

ಪತ್ತಾರ ಮಗಳು ಅವರೇ, ನಿಮ್ಮಪ್ಪ ಹೇಳಿದ ಮಾತು ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿದೆ. ಆಟ ಶುರುವಾದ ತಕ್ಷಣ ಕಸಿನ್‌ಗೆ ಹೇಳ್ದೆ, ನೋಡು, ಹೋದ ವಾರದ ಪ್ಲಸ್ ಒನ್ ಅಳಿಸು. ತಾಯಿತದ ಬಾಯಿಗೆ ಅರಗು ಇದೆ, ಬಿಚ್ತೀಯಾ ಇಲ್ವಾ ನಿನಗೆ ಬಿಟ್ಟಿದ್ದು. ಅವಳು ಐದು ನಿಮಿಷ ಯೋಚನೆ ಮಾಡಿ ಬಿಚ್ಚಿದ್ಲು. ಒಳಗೆ ತಾಮ್ರದ ತಗಡು, ಅದರಲ್ಲಿ ಒಂದು ಮಗುವಿನ ಹೆಸರು, ಅದರ ತಾಯಿಯ ಹೆಸರು, ಇವಳು ನೀರಿಗೆ ಬೀಳದಿರಲಿ ಅನ್ನೋ ಒಂದು ಸಾಲು. ಬೇರೇನೂ ಇಲ್ಲ. ಆ ಪಾಳುಮನೆ ಹಿಂದೆ ಬಾವಿ ಇದೆ ಅಂತ ಹೋದ ವಾರ ನಾನೇ ಸುಮ್ಮನೆ ಹೇಳಿದ್ದೆ, ಯಾರೂ ಇಣುಕಿರ್ಲಿಲ್ಲ.

ಯಾರೂ ಮಾತಾಡ್ಲಿಲ್ಲ. ಆಮೇಲೆ ಕಳ್ಳನ ಪಾತ್ರದವನು, ಅಲ್ಲೀವರೆಗೂ ಮೊಬೈಲ್ ನೋಡ್ತಿದ್ದೋನು, ಆ ಮಗು ಈಗ ಎಲ್ಲಿದೆ ಅಂತ ಕೇಳ್ದ. ಕಸಿನ್ ತಗಡನ್ನ ಮತ್ತೆ ಸುತ್ತಿ ಒಳಗಿಟ್ಟು, ಅರಗು ಹಾಕೋ ಪತ್ತಾರರು ಹತ್ತಿರದ ಊರಲ್ಲಿ ಯಾರಾದ್ರೂ ಇದಾರಾ ಅಂತ ವಿಚಾರಿಸೋಕೆ ಶುರು ಮಾಡಿದ್ಲು. ನಾನು ಬರೆದಿಟ್ಟಿದ್ದ ಡ್ರಾಗನ್ ಗುಹೆ ಕಡೆಗೆ ಒಬ್ಬರೂ ಬರ್ಲಿಲ್ಲ, ನಾಲ್ಕೂ ಜನ ಆ ಹುಡುಗಿ ಮನೆ ಹುಡುಕ್ಕೊಂಡು ಹೊರಟಿದಾರೆ.

ಅದಕ್ಕೇ ಈಗ ಮುಂದಿನ ಭಾನುವಾರದೊಳಗೆ ನನಗೊಬ್ಬ ಪತ್ತಾರ ಬೇಕು, ಅವನ ಅಂಗಡಿ ಬೇಕು. ಪತ್ತಾರ ಮಗಳು ಅವರೇ, ನಿಮ್ಮಪ್ಪನ ಅಂಗಡಿಯಲ್ಲಿ ಏನೇನು ಸಾಮಾನು ಇರ್ತಿತ್ತು, ಎಲ್ಲಿ ಕೂರ್ತಿದ್ರು, ಬೆಳಕು ಎಲ್ಲಿಂದ ಬರ್ತಿತ್ತು, ಸ್ವಲ್ಪ ಬರೀತೀರಾ?

ಪತ್ತಾರ_ಮಗಳು:

ಬರೀತೀನ್ರಿ ಅಕ್ಕಾ. ಅಪ್ಪ ಇಲ್ಲೇ ಬಾಜೂಕ ಕುಂತಾರ, ಓದಿ ಹೇಳೇನಿ. ಮದ್ಲ ಊದುಗೊಳವಿ ಬರಿ ಅನ್ನಾಕತ್ಯಾರ.